ಎರಡನೇ ಸುತ್ತಿನ ಕ್ಷಿಪಣಿ ಎಲ್ಲಿಂದ ಬರಬೇಕು? ನಡುಗಡಲಿನಲ್ಲಿ ಮದ್ದುಗುಂಡು ತುಂಬುವ ಕಷ್ಟ

2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ಮಂಗಳೂರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಟ್ಯಾಂಕರ್‌ಗೆ ಅರಬ್ಬಿ ಸಮುದ್ರದಲ್ಲಿ ಡ್ರೋನ್ ಬಡಿಯಿತು. ಹಡಗಿನಲ್ಲಿದ್ದವರು ಬಹುಪಾಲು ಭಾರತೀಯರು. ಬೆಂಕಿ ಆರಿಸಿದರು, ಯಾರ ಜೀವವೂ ಹೋಗಲಿಲ್ಲ. ನಮ್ಮ ಕೋಸ್ಟ್ ಗಾರ್ಡ್‌ನ ವಿಕ್ರಮ್ ಹಡಗು ಜೊತೆಗಿದ್ದು ಅದನ್ನು ಮುಂಬೈಗೆ ಕರೆತಂದಿತು. ನೌಕಾಪಡೆ ಮೊರ್ಮುಗಾವ್, ಕೊಚ್ಚಿ, ಕೋಲ್ಕತ್ತಾ ಎಂಬ ಮೂರು ದೊಡ್ಡ ಯುದ್ಧನೌಕೆಗಳನ್ನು, ಅಂದರೆ ಡಿಸ್ಟ್ರಾಯರ್‌ಗಳನ್ನು ಆ ಕಡಲಿಗೆ ಇಳಿಸಿತು.

ಅಷ್ಟೊತ್ತಿಗಾಗಲೇ ಕೆಂಪು ಸಮುದ್ರದಲ್ಲಿ ಅಮೆರಿಕದ ಹಡಗುಗಳು ಯೆಮನ್‌ನ ಬಂಡುಕೋರರಾದ ಹೂತಿಗಳ ಡ್ರೋನ್, ಕ್ಷಿಪಣಿಗಳನ್ನು ಹೊಡೆದುರುಳಿಸುತ್ತಿದ್ದವು. ಆ ಕಾದಾಟದ ಲೆಕ್ಕವನ್ನು ಅಮೆರಿಕದ ನೌಕಾಪಡೆಯೇ 2025ರ ಜನವರಿಯಲ್ಲಿ ಹೊರಗಿಟ್ಟಿತು. ಸುಮಾರು 15 ತಿಂಗಳಲ್ಲಿ ಆಕಾಶ ಕಾಯುವ 120 ಎಸ್‌ಎಂ-2 ಕ್ಷಿಪಣಿ, 80 ಎಸ್‌ಎಂ-6, ಇನ್ನೆರಡು ಬಗೆಯವು ಸೇರಿ 20, ಜೊತೆಗೆ 5 ಇಂಚಿನ ಫಿರಂಗಿಯಿಂದ 160 ಗುಂಡು ಖರ್ಚಾಗಿದ್ದವು. ಅಂದರೆ ಒಟ್ಟು 220 ಕ್ಷಿಪಣಿ. ಅಮೆರಿಕದ ಹೊಸ ಆರ್ಲೀ ಬರ್ಕ್ ಡಿಸ್ಟ್ರಾಯರ್ ಒಂದರಲ್ಲಿ ಕ್ಷಿಪಣಿ ಇಡುವ ಕೊಳವೆಗಳು 96. ಅವೆಲ್ಲವೂ ಆಕಾಶ ಕಾಯುವ ಕ್ಷಿಪಣಿಗೇ ಮೀಸಲಲ್ಲ. ನೆಲದ ಗುರಿಗೆ ಹೊಡೆಯುವ ಟೊಮಾಹಾಕ್‌ಗೆ, ಜಲಾಂತರ್ಗಾಮಿ ಹೊಡೆಯುವ ರಾಕೆಟ್‌ಗೆ ಕೂಡ ಅಲ್ಲೇ ಜಾಗ ಬಿಡಬೇಕು. ಸ್ವಂತ ನೌಕಾಪಡೆಯೇ ಇಲ್ಲದ ಒಂದು ಬಂಡುಕೋರ ಗುಂಪಿನ ಜೊತೆ ಕಾದಾಡಿದ್ದಕ್ಕೇ ಎರಡು ಹಡಗಿನ ತುಂಬಾ ಹಿಡಿಸುವುದಕ್ಕಿಂತ ಜಾಸ್ತಿ ಕ್ಷಿಪಣಿ ಹೋಯಿತು.

ಕೊಳವೆ ಖಾಲಿಯಾದ ಹಡಗು ಏನು ಮಾಡಬೇಕು? ಕಾದಾಟ ಬಿಟ್ಟು ಬಂದರಿಗೆ ಹೋಗಬೇಕು. ಎಣ್ಣೆಯನ್ನು ನಡುಗಡಲಿನಲ್ಲೇ ತುಂಬಿಸಿಕೊಳ್ಳಬಹುದು. ಅಕ್ಕಿ, ತರಕಾರಿ, ಟಪಾಲು, ಬಿಡಿಭಾಗ ಎಲ್ಲವೂ ನಡುಗಡಲಿಗೇ ಬರುತ್ತವೆ. ಫಿರಂಗಿಯ ಗುಂಡೂ ಬರುತ್ತದೆ. ಆದರೆ ಇವತ್ತಿನ ಹಡಗಿನ ಮುಖ್ಯ ಆಯುಧವಾದ ದೊಡ್ಡ ಕ್ಷಿಪಣಿಯನ್ನು ಮಾತ್ರ ನಿಂತ ನೀರಿನಲ್ಲಿ, ದಕ್ಕೆಗೆ ಕಟ್ಟಿ, ಕ್ರೇನ್ ಹಿಡಿದೇ ತುಂಬಬೇಕು. ನೌಕಾಪಡೆಗಳ ಬಲವನ್ನು ಅಳೆಯುವಾಗ ನಾವು ಹಡಗು ಎಷ್ಟಿವೆ, ಕ್ಷಿಪಣಿ ಎಷ್ಟು ದೂರ ಹೋಗುತ್ತದೆ ಎಂದು ಕೇಳುತ್ತೇವೆ. ಮೊದಲ ಸುತ್ತು ಮುಗಿದ ಮೇಲೆ ಎರಡನೇ ಸುತ್ತು ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಉಳಿದೆರಡಕ್ಕಿಂತ ಇದೇ ದೊಡ್ಡ ಪ್ರಶ್ನೆ.

ನಮ್ಮ ಕಡೆಯದೇ ಒಂದು ಲೆಕ್ಕ ಹಾಕಿ ನೋಡೋಣ. ಕೆಂಪು ಸಮುದ್ರದ ಬಾಯಿಯ ಹತ್ತಿರದ ಏಡನ್‌ನಿಂದ ಮುಂಬೈಗೆ ಸುಮಾರು 1,650 ನಾಟಿಕಲ್ ಮೈಲಿ. ಹಡಗು 15 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 15 ನಾಟಿಕಲ್ ಮೈಲಿ, ಸಾಗಿದರೆ ದಿನಕ್ಕೆ 360 ಮೈಲಿ. ಹೋಗಲು ನಾಲ್ಕೂವರೆ ದಿನ, ವಾಪಸ್ ಬರಲು ನಾಲ್ಕೂವರೆ ದಿನ. ಬಂದರಿನಲ್ಲಿ ಕ್ಷಿಪಣಿ ಏರಿಸಿ, ಪರೀಕ್ಷೆ ಮಾಡಿ ಹೊರಡುವುದಕ್ಕೆ ಇನ್ನೊಂದಿಷ್ಟು ದಿನ. ಹತ್ತಿರ ಹತ್ತಿರ ಎರಡು ವಾರ ಆ ಹಡಗು ಕಡಲಿನಲ್ಲಿ ಇಲ್ಲದ ಹಾಗೇ. ಅದರ ಜಾಗ ತುಂಬಲು ಇನ್ನೊಂದು ಹಡಗು ಬೇಕು. ವೇಗ ಹೆಚ್ಚಿಸಿದರೆ ಎಣ್ಣೆ ಜಾಸ್ತಿ ಕುಡಿಯುತ್ತದೆ. ಆಗ ದಾರಿಯಲ್ಲಿ ಟ್ಯಾಂಕರ್ ಕೂಡ ಕಾಯಬೇಕು.

ಎಣ್ಣೆ ಕೊಡುವ ವಿದ್ಯೆ ಹಳೆಯದು. 1917ರಲ್ಲಿ ಅಮೆರಿಕದ ಮಾಮೀ ಎಂಬ ಹಡಗು ಅಟ್ಲಾಂಟಿಕ್ ನಡುವೆ ಡಿಸ್ಟ್ರಾಯರ್‌ಗಳಿಗೆ ಓಡುತ್ತಲೇ ಎಣ್ಣೆ ಕೊಟ್ಟಿತು. ಆ ಹಡಗಿನ ಎರಡನೇ ಅಧಿಕಾರಿ ಚೆಸ್ಟರ್ ನಿಮಿಟ್ಜ್. ಮುಂದೆ ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾಪಡೆಯ ದಂಡನಾಯಕರಾದವರು ಅವರೇ. ಮದ್ದುಗುಂಡಿನ ವಿಷಯಕ್ಕೆ ಬಂದರೆ, ಓಡುವ ಹಡಗಿನಿಂದ ಓಡುವ ಹಡಗಿಗೆ ಗುಂಡು ದಾಟಿಸುವ ಧೈರ್ಯ ಬಂದದ್ದು 1945ರ ಫೆಬ್ರವರಿಯಲ್ಲಿ, ಜಪಾನಿನ ಇವೊ ಜಿಮಾ ದ್ವೀಪದ ಬಳಿ, ಶಾಸ್ತಾ ಎಂಬ ಮದ್ದುಗುಂಡಿನ ಹಡಗಿನಿಂದ. ಎಣ್ಣೆಗೂ ಗುಂಡಿಗೂ ನಡುವೆ 28 ವರ್ಷದ ಅಂತರ.

ಅಷ್ಟು ತಡ ಯಾಕಾಯಿತು ಅಂದರೆ, ಮದ್ದುಗುಂಡಿನ ಹಡಗಿನ ಹತ್ತಿರ ಹೋಗುವುದಕ್ಕೇ ಜನ ಹೆದರುತ್ತಿದ್ದರು. ಹೆದರಲು ಕಾರಣವೂ ಇತ್ತು. 1944ರ ಒಂದೇ ವರ್ಷದಲ್ಲಿ ಮೂರು ಕಡೆ ಅನಾಹುತ ಆಯಿತು.

ಮೊದಲನೆಯದು ನಮ್ಮ ಮುಂಬೈಯಲ್ಲಿ, ಏಪ್ರಿಲ್ 14ರಂದು. ಫೋರ್ಟ್ ಸ್ಟಿಕೀನ್ ಎಂಬ ಸರಕು ಹಡಗು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿತ್ತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಸಿಡಿಮದ್ದು. ಕರಾಚಿಯಲ್ಲಿ ಅದರ ಜೊತೆಗೇ ಹತ್ತಿಯ ಬೇಲುಗಳನ್ನೂ ತುಂಬಿದ್ದರು. ಸಿಡಿಮದ್ದಿನ ಪಕ್ಕ ಹತ್ತಿ! ಮಧ್ಯಾಹ್ನ ಬೆಂಕಿ ಕಾಣಿಸಿತು. ಸಂಜೆ ನಾಲ್ಕರ ನಂತರ ಎರಡು ಸಲ ಸಿಡಿಯಿತು. 800ಕ್ಕೂ ಜಾಸ್ತಿ ಜನ ಸತ್ತರು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಅನೇಕರು ವಾಪಸ್ ಬರಲಿಲ್ಲ. ಇಂದಿಗೂ ನಮ್ಮ ದೇಶದಲ್ಲಿ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ಆಚರಿಸುವುದು ಅವರ ನೆನಪಿಗೆ.

ಎರಡನೆಯದು ಕ್ಯಾಲಿಫೋರ್ನಿಯಾದ ಪೋರ್ಟ್ ಶಿಕಾಗೊದಲ್ಲಿ, ಜುಲೈ 17ರ ರಾತ್ರಿ. ಹಡಗಿಗೆ ಗುಂಡು ಏರಿಸುವಾಗ ಸಿಡಿದು 320 ಜನ ಸತ್ತರು. ಮೂರರಲ್ಲಿ ಎರಡು ಪಾಲು ಕಪ್ಪು ನಾವಿಕರು. ಅವರಿಗೆ ಆ ಕೆಲಸದ ತರಬೇತಿಯನ್ನೇ ಕೊಟ್ಟಿರಲಿಲ್ಲ. ಯಾವ ತಂಡ ಜಾಸ್ತಿ ಟನ್ ಏರಿಸುತ್ತದೆ ಎಂದು ಅಧಿಕಾರಿಗಳು ಪಂದ್ಯ ಕಟ್ಟುತ್ತಿದ್ದರು. ಉಳಿದವರನ್ನು ಕೆಲವೇ ವಾರಗಳಲ್ಲಿ ಮತ್ತೆ ಅದೇ ಕೆಲಸಕ್ಕೆ ಹಚ್ಚಲು ನೋಡಿದಾಗ ಅವರು ಒಪ್ಪಲಿಲ್ಲ. 50 ಮಂದಿಗೆ ದಂಗೆಯ ಆರೋಪದಲ್ಲಿ ಶಿಕ್ಷೆಯಾಯಿತು. ಅವರು ನಿರ್ದೋಷಿಗಳು ಎಂದು ನೌಕಾಪಡೆ ಒಪ್ಪಿಕೊಂಡದ್ದು 2024ರ ಜುಲೈ 17ರಂದು, ಸರಿಯಾಗಿ 80 ವರ್ಷದ ನಂತರ. ಅಷ್ಟರಲ್ಲಿ ಅವರಲ್ಲಿ ಯಾರೂ ಬದುಕಿರಲಿಲ್ಲ. ಬೇಗ ಬೇಗ ತುಂಬಿ ಎಂಬ ಒತ್ತಡ ಮದ್ದುಗುಂಡಿನ ಕೆಲಸದಲ್ಲಿ ಯಾವತ್ತೂ ಇರುತ್ತದೆ. ಆ ಒತ್ತಡದ ಬೆಲೆ ಕೊಡುವವರು ಹೊರೆ ಎತ್ತುವವರು. ನಡುಗಡಲಿನ ಪೂರೈಕೆ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು.

ಮೂರನೆಯದು ಮೌಂಟ್ ಹುಡ್. ಅಮೆರಿಕದವರು ಮದ್ದುಗುಂಡಿನ ಹಡಗುಗಳಿಗೆ ಜ್ವಾಲಾಮುಖಿಗಳ ಹೆಸರು ಇಡುತ್ತಿದ್ದರು. ಶಾಸ್ತಾ, ಮೌನಾ ಲೋವಾ ಎಲ್ಲ ಆ ಸಾಲಿನವೇ. ನವೆಂಬರ್ 10ರ ಬೆಳಿಗ್ಗೆ ಪಪುವಾ ನ್ಯೂಗಿನಿ ಕಡೆಯ ಮಾನುಸ್ ದ್ವೀಪದ ಬಂದರಿನಲ್ಲಿ ಮೌಂಟ್ ಹುಡ್ ಲಂಗರು ಹಾಕಿತ್ತು. ಒಳಗೆ ಸುಮಾರು 3,800 ಟನ್ ಮದ್ದುಗುಂಡು. ಸುತ್ತ ಸಣ್ಣ ದೋಣಿಗಳು ಬಂದು ಗುಂಡು ತುಂಬಿಕೊಳ್ಳುತ್ತಿದ್ದವು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಹಡಗು ಸಿಡಿಯಿತು. ಹೊಗೆ ಸರಿದಾಗ ಅಲ್ಲಿ ಹಡಗೇ ಇರಲಿಲ್ಲ. ಆಮೇಲೆ ಮುಳುಗುಗಾರರು ಇಳಿದು ನೋಡಿದರೆ ಕಡಲ ತಳದಲ್ಲಿ 300 ಮೀಟರ್ ಉದ್ದದ ಗುಂಡಿ. ಸಿಕ್ಕ ತುಂಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಐದು ಮೀಟರ್ ದಾಟಲಿಲ್ಲ. ಹಡಗಿನಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಕೆಲಸದ ಮೇಲೆ ದಡಕ್ಕೆ ಹೋಗಿದ್ದ 18 ಮಂದಿ ಮಾತ್ರ ಬದುಕಿದರು. ಅಕ್ಕಪಕ್ಕದ ಹಡಗುಗಳಲ್ಲೂ ಜನ ಸತ್ತರು, 371 ಮಂದಿಗೆ ಗಾಯವಾಯಿತು. ನಿಖರ ಕಾರಣ ಏನು ಎಂದು ಹೇಳಲು ಸಾಕ್ಷಿಯೇ ಉಳಿದಿರಲಿಲ್ಲ.

ಇವತ್ತು ಮದ್ದುಗುಂಡಿನ ದಕ್ಕೆಯನ್ನು ಉಳಿದ ಹಡಗುಗಳಿಂದ ದೂರ ಕಟ್ಟುವುದು, ಡಿಪೊ ಸುತ್ತ ಇಷ್ಟು ದೂರ ಯಾರೂ ಇರಬಾರದು ಎಂಬ ನಿಯಮ ಇಡುವುದು ಇಂಥ ಅನುಭವಗಳ ಮೇಲೆ. ಇದರ ಅರ್ಥ ಕಾರವಾರದ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಸೀಬರ್ಡ್ ಎಂಬ ನೌಕಾನೆಲೆ ಯೋಜನೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಅಲ್ಲಿ ಐಎನ್‌ಎಸ್ ಕದಂಬ ನೆಲೆ 2005ರಲ್ಲಿ ಶುರುವಾಯಿತು. ಕ್ಷಿಪಣಿ ಮತ್ತು ಮದ್ದುಗುಂಡು ಕಾಪಿಡಲೆಂದೇ ಕಟ್ಟಿದ ವಜ್ರಕೋಶ ಎಂಬ ನೆಲೆಯನ್ನು 2015ರ ಸೆಪ್ಟೆಂಬರ್‌ನಲ್ಲಿ ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಉದ್ಘಾಟಿಸಿದರು. ಪಶ್ಚಿಮ ಕರಾವಳಿಯ ಹಡಗುಗಳಿಗೆ ಎರಡನೇ ಸುತ್ತಿನ ಕ್ಷಿಪಣಿ ಎಲ್ಲಿಂದ ಎಂದು ಕೇಳಿದರೆ, ಉತ್ತರದ ಒಂದು ಭಾಗ ಉತ್ತರ ಕನ್ನಡದಲ್ಲೇ ಇದೆ.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಪೂರೈಕೆ ಹಡಗು ಒಂದೇ ದಿಕ್ಕಿನಲ್ಲಿ, ಒಂದೇ ವೇಗದಲ್ಲಿ, ಸುಮಾರು 12ರಿಂದ 14 ನಾಟ್‌ನಲ್ಲಿ ಸಾಗುತ್ತಿರುತ್ತದೆ. ಯುದ್ಧನೌಕೆ ಹಿಂದಿನಿಂದ ಬಂದು ಪಕ್ಕದಲ್ಲಿ ಜೊತೆಯಾಗುತ್ತದೆ. ನಡುವೆ ಇರುವುದು ಐವತ್ತು ಮೀಟರ್ ಆಚೀಚೆ. ಎರಡು ದೊಡ್ಡ ಹಡಗು ಅಷ್ಟು ಹತ್ತಿರ ಓಡುವಾಗ ಮೂತಿಯ ಹತ್ತಿರದ ನೀರು ಹಡಗುಗಳನ್ನು ದೂರ ತಳ್ಳುತ್ತದೆ, ನಡುಭಾಗದ ನೀರು ಒಂದಕ್ಕೊಂದು ಎಳೆಯುತ್ತದೆ. ಚುಕ್ಕಾಣಿ ಹಿಡಿದವರು ಒಂದು ಡಿಗ್ರಿ ತಪ್ಪಿದರೂ ಗೊತ್ತಾಗಿಬಿಡುತ್ತದೆ. ಮೊದಲು ಬಂದೂಕಿನಿಂದ ತೆಳ್ಳನೆಯ ದಾರ ಹಾರಿಸುತ್ತಾರೆ. ಆ ದಾರಕ್ಕೆ ದಪ್ಪ ಹಗ್ಗ, ಹಗ್ಗಕ್ಕೆ ಉಕ್ಕಿನ ತಂತಿ. ಇನ್ನೊಂದು ಹಗ್ಗದಲ್ಲಿ ದೂರ ಅಳೆಯಲು ಬಣ್ಣಬಣ್ಣದ ಪಟ್ಟಿ ಕಟ್ಟಿರುತ್ತಾರೆ. ಅದರ ಜೊತೆಗೇ ಫೋನ್ ತಂತಿ. ಮದ್ದುಗುಂಡು ದಾಟಿಸುವಾಗ ಕೆಂಪು ಬಾವುಟ ಏರುತ್ತದೆ.

ಉಕ್ಕಿನ ತಂತಿಯನ್ನು ಬಿಗಿಯಾಗಿ ಇಡುವುದೇ ಇಲ್ಲಿಯ ಜಾಣತನ. ಅಲೆಗೆ ಹಡಗುಗಳು ಹತ್ತಿರ ಬಂದರೆ ತಂತಿ ಜೋಲಬಾರದು, ದೂರ ಹೋದರೆ ಕಿತ್ತುಬರಬಾರದು. ಅದಕ್ಕೆಂದೇ ತಂತಿಯನ್ನು ಎಳೆದು ಬಿಡುವ ಯಂತ್ರ ಇದೆ. ಆ ತಂತಿಯ ಮೇಲೆ ರಾಟೆ ಕಟ್ಟಿ ಒಂದೊಂದೇ ಹೊರೆ ದಾಟಿಸುತ್ತಾರೆ. ಮಾಮೂಲಿ ಏರ್ಪಾಟಿನಲ್ಲಿ ಒಂದು ಸಲಕ್ಕೆ ಸುಮಾರು ಎರಡೂವರೆ ಟನ್. ಇಷ್ಟರ ನಡುವೆ ಶತ್ರು ವಿಮಾನ ಬಂತು ಅಥವಾ ಚುಕ್ಕಾಣಿ ಕೈಕೊಟ್ಟಿತು ಅಂದರೆ ಎಲ್ಲವನ್ನೂ ಕೆಲವೇ ಕ್ಷಣದಲ್ಲಿ ಬಿಚ್ಚಿ ದೂರ ಸರಿಯಬೇಕು. ಇದರ ಅಭ್ಯಾಸವನ್ನು ಮತ್ತೆ ಮತ್ತೆ ಮಾಡುತ್ತಾರೆ. ಹೆಲಿಕಾಪ್ಟರ್‌ನಲ್ಲಿ ಬಲೆಗೆ ತುಂಬಿ ಸಾಗಿಸುವ ದಾರಿಯೂ ಇದೆ, ಆದರೆ ದೊಡ್ಡ ಕ್ಷಿಪಣಿಗೆ ಅದು ಆಗಿಬರುವುದಿಲ್ಲ.

ಹೊರೆ ಡೆಕ್‌ಗೆ ಬಂದ ಮೇಲೆಯೇ ನಿಜವಾದ ಕಷ್ಟ ಶುರು. ಹಳೆಯ ಹಡಗುಗಳಲ್ಲಿ ಗುಂಡು, ಸಣ್ಣ ಕ್ಷಿಪಣಿಗಳನ್ನು ಕೆಳಗಿನ ಉಗ್ರಾಣಕ್ಕೆ ಇಳಿಸಿದರೆ ಮುಗಿಯಿತು. ಈಗ ಕ್ಷಿಪಣಿ ಇರುವುದು ಡೆಕ್ ಕೆಳಗೆ ನೆಟ್ಟಗೆ ನಿಲ್ಲಿಸಿದ ಕೊಳವೆಗಳಲ್ಲಿ. ಕೊಳವೆಯ ಬಾಯಿ ಸುಮಾರು 63 ಸೆಂಟಿಮೀಟರ್ ಅಗಲ. ಅದಕ್ಕೆ ಇಳಿಸಬೇಕಾದ, ಕ್ಷಿಪಣಿ ಇರುವ ಡಬ್ಬಿ ಹಲವು ಮೀಟರ್ ಉದ್ದ, ತೂಕ ಟನ್‌ಗಟ್ಟಲೆ. ಮೊದಲು ಅದನ್ನು ಮಲಗಿದಲ್ಲಿಂದ ಎಬ್ಬಿಸಿ ನಿಲ್ಲಿಸಬೇಕು, ಆಮೇಲೆ ಗೋಡೆಗೆ ತಾಗದ ಹಾಗೆ ಒಳಗೆ ಇಳಿಸಬೇಕು. ಹಡಗು ಹೊಯ್ದಾಡುತ್ತಿರುವಾಗ ಇದು ತೂಗುವ ಉಯ್ಯಾಲೆಯಲ್ಲಿ ನಿಂತು ಸೂಜಿಗೆ ದಾರ ಪೋಣಿಸಿದ ಹಾಗೆ. ದಾರದ ಬದಲು ಇಲ್ಲಿರುವುದು ಸಿಡಿತಲೆ ಇರುವ ಕ್ಷಿಪಣಿ. ಒಮ್ಮೆ ಬಡಿದರೆ ಆ ಕ್ಷಿಪಣಿಯನ್ನು ಮತ್ತೆ ನಂಬುವ ಹಾಗಿಲ್ಲ.

ನೆಟ್ಟಗಿನ ಕೊಳವೆಯ ಈ ವ್ಯವಸ್ಥೆ ಬಂದಾಗ ಅಮೆರಿಕದವರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಆರಂಭದ ಹಡಗುಗಳಲ್ಲಿ ಪ್ರತಿ ಗುಂಪಿನಲ್ಲೂ ಮೂರು ಕೊಳವೆಯ ಜಾಗ ಬಿಟ್ಟು ಅಲ್ಲಿ ಮಡಚುವ ಕ್ರೇನ್ ಇಟ್ಟಿದ್ದರು. ಮೊದಲ ಆರ್ಲೀ ಬರ್ಕ್ ಹಡಗುಗಳಲ್ಲಿ 96 ಅಲ್ಲ, 90 ಕೊಳವೆ ಇರುವುದಕ್ಕೆ ಇದೇ ಕಾರಣ. ಆದರೆ ಆ ಕ್ರೇನ್‌ಗೆ ಟೊಮಾಹಾಕ್‌ನಂಥ ಭಾರದ ಕ್ಷಿಪಣಿ ಎತ್ತಲು ಆಗುತ್ತಿರಲಿಲ್ಲ, ಕೆಲಸವೂ ನಿಧಾನ. ಶೀತಲ ಸಮರ ಮುಗಿದಿತ್ತು. ಎದುರಿಗೆ ದೊಡ್ಡ ಶತ್ರು ಇರಲಿಲ್ಲ, ಬಂದರುಗಳು ಸುರಕ್ಷಿತವಾಗಿದ್ದವು. ಕ್ರೇನ್ ತೆಗೆದು ಆರು ಕೊಳವೆ ಜಾಸ್ತಿ ಮಾಡಿಕೊಂಡರು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ ಆಗಿತ್ತು. ಸುಮಾರು ಮೂವತ್ತು ವರ್ಷದ ನಂತರ ಕೆಂಪು ಸಮುದ್ರ ಅದನ್ನು ತಲೆಕೆಳಗು ಮಾಡಿತು.

2024ರ ಅಕ್ಟೋಬರ್ 11ರಂದು ಸ್ಯಾನ್ ಡಿಯಾಗೊ ಹೊರಗಿನ ಕಡಲಿನಲ್ಲಿ ಚೋಸಿನ್ ಎಂಬ ಕ್ರೂಸರ್ ಯುದ್ಧನೌಕೆಗೆ ವಾಷಿಂಗ್ಟನ್ ಚೇಂಬರ್ಸ್ ಎಂಬ ಪೂರೈಕೆ ಹಡಗಿನಿಂದ ಒಂದು ಕ್ಷಿಪಣಿ ಡಬ್ಬಿ ದಾಟಿಸಿದರು. ಟ್ರ್ಯಾಮ್ ಎಂಬ ಹೊಸ ಯಂತ್ರ ಅದನ್ನು ಹಿಡಿದು, ಕೊಳವೆಗಳ ಮೇಲೆ ಹಾಕಿದ ಹಳಿಗಳ ಮೇಲೆ ಸರಿದು, ನೆಟ್ಟಗೆ ನಿಲ್ಲಿಸಿ, ಒಳಗೆ ಇಳಿಸಿತು. ಯಂತ್ರದ ಯೋಚನೆ 1990ರ ದಶಕದ್ದು. ಕಡತದಲ್ಲಿ ಮಲಗಿದ್ದನ್ನು ಎಬ್ಬಿಸಿ ತಂದಿದ್ದರು. ಅವತ್ತು ದಾಟಿಸಿದ ಡಬ್ಬಿ ಖಾಲಿ ಇತ್ತು, ಅದೂ ಒಂದೇ ಒಂದು. ಹಾಗಂತ ಇದನ್ನು ಸಣ್ಣದು ಎನ್ನಲಾರೆ. ಸಾಧ್ಯವೇ ಇಲ್ಲ ಎಂದು ಬಿಟ್ಟ ಕೆಲಸ ಸಾಧ್ಯ ಎಂದು ಕಣ್ಣೆದುರು ತೋರಿಸಿದರು. ಆದರೆ ಯುದ್ಧದ ನಡುವೆ, ರಾತ್ರಿ, ಒರಟು ಕಡಲಿನಲ್ಲಿ, ತುಂಬಿದ ಡಬ್ಬಿಗಳನ್ನು ಸಾಲುಸಾಲಾಗಿ ಇಳಿಸುವುದು ಬೇರೆಯೇ ಮಾತು.

ಯಂತ್ರ ಬಂದರೂ ಕ್ಷಿಪಣಿ ಇರಬೇಕಲ್ವಾ? ಅದನ್ನು ತರುವ ಹಡಗು ಬೇಕು, ಹಡಗು ನಡೆಸುವ ಜನ ಬೇಕು. ಅಮೆರಿಕದಲ್ಲಿ ಪೂರೈಕೆ ಹಡಗುಗಳನ್ನು ನಡೆಸುವುದು ಸಾಮಾನ್ಯ ನಾಗರಿಕ ನಾವಿಕರು. ಅವರ ಕೊರತೆ ಎಷ್ಟೆಂದರೆ 2024ರಲ್ಲಿ 17 ಹಡಗುಗಳನ್ನು ಸುಮ್ನೆ ನಿಲ್ಲಿಸಿ, ಅಲ್ಲಿನ ಜನರನ್ನು ಉಳಿದ ಹಡಗುಗಳಿಗೆ ಹಂಚುವ ಯೋಜನೆ ಹಾಕಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಗ್ ಹಾರ್ನ್ ಎಂಬ ಟ್ಯಾಂಕರ್ ಒಮಾನ್ ಬಳಿ ನೆಲ ಕಚ್ಚಿತು. ಆ ಭಾಗದಲ್ಲಿ ವಿಮಾನವಾಹಕ ನೌಕೆಯ ಪಡೆಗೆ ಎಣ್ಣೆ ಕೊಡಲು ಅಮೆರಿಕದ ನೌಕಾಪಡೆಗೆ ಇದ್ದದ್ದು ಅದೊಂದೇ. ಬ್ರಿಟನ್ ಕಥೆಯೂ ಬೇರೆಯಲ್ಲ. 2021ರಲ್ಲಿ ಎರಡು ಹಳೆಯ ಪೂರೈಕೆ ಹಡಗುಗಳನ್ನು ಈಜಿಪ್ಟ್‌ಗೆ ಮಾರಿದ ಮೇಲೆ, ವಿಮಾನವಾಹಕಗಳಿಗೆ ಮದ್ದುಗುಂಡು ಮತ್ತು ದಿನಸಿ ಕೊಡಲು ಅದಕ್ಕೆ ಉಳಿದದ್ದು ಫೋರ್ಟ್ ವಿಕ್ಟೋರಿಯಾ ಒಂದೇ. ಅದೇ ಬ್ರಿಟನ್ 1982ರಲ್ಲಿ 8,000 ಮೈಲಿ ದೂರದ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗೆ ಹೋಗಿ ಅರ್ಜೆಂಟೀನಾ ಜೊತೆ ಕಾದಾಡಿದ್ದು ಪೂರೈಕೆ ಹಡಗುಗಳ ಬಲದಿಂದ.

ಆ ಯುದ್ಧದಲ್ಲಿ ಅರ್ಜೆಂಟೀನಾದ ಎಕ್ಸೊಸೆಟ್ ಕ್ಷಿಪಣಿಗಳು ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ ಬಡಿದವು. ಅದರಲ್ಲಿದ್ದ ಮೂರು ಚಿನೂಕ್ ಹೆಲಿಕಾಪ್ಟರ್‌ಗಳು ಸುಟ್ಟುಹೋದವು. ಸೈನಿಕರು ಹೊರೆ ಹೊತ್ತು ಚಳಿಯಲ್ಲಿ ಮೈಲಿಗಟ್ಟಲೆ ನಡೆಯಬೇಕಾಯಿತು. ಒಂದು ಸರಕು ಹಡಗು ಹೋದರೆ ನೆಲದ ಮೇಲಿನ ಯುದ್ಧವೇ ನಿಧಾನವಾಗುತ್ತದೆ. ಇದು ಎಲ್ಲ ನೌಕಾಪಡೆಗೂ ಗೊತ್ತು. ಆದ್ದರಿಂದ ಮುಂದಿನ ದೊಡ್ಡ ಯುದ್ಧದಲ್ಲಿ ಯುದ್ಧನೌಕೆಗಿಂತ ಮೊದಲು ಪೂರೈಕೆ ಹಡಗನ್ನೇ ಹುಡುಕಿ ಹೊಡೆಯುತ್ತಾರೆ ಎಂದು ನಾನು ನಂಬುತ್ತೇನೆ. ಅದರ ವೇಗ ಕಡಿಮೆ, ಆಯುಧ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ದೊಡ್ಡ ಹಡಗಿನಲ್ಲಿ ಎಲ್ಲ ಇಡಬೇಕೋ, ಸಣ್ಣ ಸಣ್ಣ ಹಡಗುಗಳಿಗೆ ಹಂಚಬೇಕೋ ಎಂಬ ಚರ್ಚೆ ಅದಕ್ಕೇ ಜೋರಾಗಿದೆ.

ನಮ್ಮ ನೌಕಾಪಡೆಗೆ ಈ ಪಾಠ ಹೊಸದಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಮೇಲೆ ದಾಳಿ ಮಾಡಿದ ಕ್ಷಿಪಣಿ ದೋಣಿಗಳು ದೂರ ಹೋಗುವಂಥವಲ್ಲ. ಆ ಗುಂಪಿನ ಜೊತೆ ಪೋಷಕ್ ಎಂಬ ಟ್ಯಾಂಕರ್ ಕೂಡ ಹೊರಟಿತ್ತು. ಕರಾಚಿ ಎಂದಾಗ ಎಲ್ಲರೂ ನಿಪಾತ್, ನಿರ್ಘಾತ್, ವೀರ್ ಎಂಬ ಆ ದೋಣಿಗಳ ಹೆಸರು ಹೇಳುತ್ತಾರೆ. ಪೋಷಕ್ ಹೆಸರನ್ನೂ ಜೊತೆಗೆ ಹೇಳಬೇಕು.

ಈಗ ನಮ್ಮಲ್ಲಿ ದೊಡ್ಡ ಪೂರೈಕೆ ಹಡಗುಗಳು ಜ್ಯೋತಿ, ಆದಿತ್ಯ, ದೀಪಕ್, ಶಕ್ತಿ. ಇಟಲಿಯಲ್ಲಿ ಕಟ್ಟಿದ ದೀಪಕ್ 2011ರಲ್ಲಿ ಸೇರಿತು. ಅದು 15,500 ಟನ್ ದ್ರವ ಸರಕು ಹೊರುತ್ತದೆ, ಗಟ್ಟಿ ಸರಕು 500 ಟನ್. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಆ 500 ಟನ್‌ನಲ್ಲೇ ಆಹಾರ, ಬಿಡಿಭಾಗ, ಮದ್ದುಗುಂಡು ಎಲ್ಲ ಬರಬೇಕು. ಕಡಲಿನಲ್ಲಿ ಎಣ್ಣೆ ಕೊಡುವುದರಲ್ಲಿ ನಮ್ಮವರು ಪಳಗಿದ್ದಾರೆ. ಕೊರತೆ ಇರುವುದು ಗುಂಡಿನ ಕಡೆ.

ಇದನ್ನು ತುಂಬುವ ಅವಕಾಶ ಈಗ ಬಂದಿದೆ. 2023ರ ಆಗಸ್ಟ್‌ನಲ್ಲಿ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡ್ ಜೊತೆ ಐದು ಪೂರೈಕೆ ಹಡಗುಗಳಿಗೆ ಸುಮಾರು 19,000 ಕೋಟಿ ರೂಪಾಯಿಯ ಒಪ್ಪಂದ ಆಯಿತು. ಒಂದೊಂದೂ 44,000 ಟನ್. 2024ರ ಏಪ್ರಿಲ್‌ನಲ್ಲಿ ಉಕ್ಕು ಕತ್ತರಿಸುವ ಕೆಲಸ ಶುರುವಾಯಿತು. ಮೊದಲನೆಯದು 2027ರಲ್ಲಿ ಬರಬೇಕು. ಚೀನಾದ ಟೈಪ್ 901 ಪೂರೈಕೆ ಹಡಗುಗಳು ಕೂಡ ಹೆಚ್ಚುಕಡಿಮೆ ಇದೇ ಗಾತ್ರದವು, 2017ರಿಂದ ಓಡಾಡುತ್ತಿವೆ. ಅದೇ ವರ್ಷ ಆಫ್ರಿಕಾದ ಜಿಬೂಟಿಯಲ್ಲಿ ಚೀನಾದ ಸೇನಾ ನೆಲೆ ತೆರೆಯಿತು.

ಮಿತ್ರ ದೇಶಗಳು ಇವೆಯಲ್ಲ ಎಂದು ಕೆಲವರು ಹೇಳುತ್ತಾರೆ. ಹೌದು, ಅಮೆರಿಕದ ಜೊತೆ 2016ರಲ್ಲಿ, ಆಮೇಲೆ ಫ್ರಾನ್ಸ್, ಜಪಾನ್, ಆಸ್ಟ್ರೇಲಿಯಾ ಜೊತೆ ಪೂರೈಕೆ ಒಪ್ಪಂದಗಳು ಆಗಿವೆ. ಅವರಿಂದ ಎಣ್ಣೆ ಸಿಗುತ್ತದೆ, ನೀರು, ತರಕಾರಿ, ರಿಪೇರಿ ಸಿಗುತ್ತದೆ. ಆದರೆ ನಮ್ಮ ವಿಶಾಖಪಟ್ಟಣ ವರ್ಗದ ಡಿಸ್ಟ್ರಾಯರ್‌ನಲ್ಲಿ ಇರುವುದು ಆಕಾಶ ಕಾಯುವ 32 ಬರಾಕ್-8, ಹಡಗು ಮತ್ತು ನೆಲದ ಗುರಿಗೆ ಹೊಡೆಯುವ 16 ಬ್ರಹ್ಮೋಸ್. ಈ ಕೊಳವೆಗಳಿಗೆ ಅಮೆರಿಕದ ಕ್ಷಿಪಣಿ ಹಿಡಿಸುವುದಿಲ್ಲ. ಎಣ್ಣೆಯ ವಿಷಯದಲ್ಲಿ ಯಾವ ಬಂದರಾದರೂ ನಮ್ಮ ಬಂದರೇ. ಕ್ಷಿಪಣಿಯ ವಿಷಯದಲ್ಲಿ ನಾವು ಎಷ್ಟು ದೂರ ಹೋದರೂ ಮುಂಬೈ, ಕಾರವಾರ, ವಿಶಾಖಪಟ್ಟಣದ ಕಡೆಗೇ ತಿರುಗಬೇಕು. ಇದ್ದ 32 ಬರಾಕ್ ಖಾಲಿಯಾಗಲು ಎಷ್ಟು ದಿನ ಬೇಕು ಎಂಬುದನ್ನು ಕೆಂಪು ಸಮುದ್ರದ ಅಂಕಿಗಳೇ ಹೇಳುತ್ತವೆ.

ಬಂದರಿನ ಒಳಗಿನ ಕೆಲಸಕ್ಕೆ ನೌಕಾಪಡೆ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಮದ್ದುಗುಂಡು, ಟಾರ್ಪೆಡೊ, ಕ್ಷಿಪಣಿ ಸಾಗಿಸಲೆಂದೇ 11 ಬಾರ್ಜ್‌ಗಳನ್ನು (ಸರಕು ಸಾಗಿಸುವ ಚಪ್ಪಟೆ ದೋಣಿ) ಠಾಣೆಯ ಒಂದು ಸಣ್ಣ ಕಂಪನಿಯಿಂದ ಕಟ್ಟಿಸಿತು. ದಕ್ಕೆಯಲ್ಲೂ ಹೊರಬಂದರಿನಲ್ಲೂ ಹಡಗಿಗೆ ಗುಂಡು ಏರಿಸಲು ಅವು ಬೇಕು. ಅಲೆ ಕಡಿಮೆ ಇರುವ ಕೊಲ್ಲಿಯ ಮರೆಯಲ್ಲಿ, ಲಕ್ಷದ್ವೀಪ ಅಥವಾ ಅಂಡಮಾನ್ ಕಡೆ, ಕ್ರೇನ್ ಇರುವ ಪೂರೈಕೆ ಹಡಗನ್ನು ನಿಲ್ಲಿಸಿ ಕ್ಷಿಪಣಿ ತುಂಬುವುದನ್ನು ಕೂಡ ಯೋಚಿಸಬೇಕು. ಓಡುತ್ತಲೇ ತುಂಬುವುದಕ್ಕಿಂತ ಇದು ಸುಲಭ, ವಾಪಸ್ ಬಂದರಿಗೆ ಬರುವುದಕ್ಕಿಂತ ಬೇಗ. ಬರಾಕ್ ಬ್ರಹ್ಮೋಸ್‌ಗಿಂತ ತುಂಬಾ ಹಗುರ. ಮೊದಲು ಅದರಿಂದ ಶುರು ಮಾಡಬಹುದು. ಆಕಾಶ ಕಾಯುವಾಗ ಬೇಗ ಖಾಲಿಯಾಗುವುದೂ ಅದೇ.

ಬ್ರಹ್ಮೋಸ್ ಕಥೆ ಬೇರೆ. ಕ್ಷಿಪಣಿಯೇ ಸುಮಾರು 3 ಟನ್, ಎಂಟು ಮೀಟರ್‌ಗೂ ಉದ್ದ. ಡಬ್ಬಿ ಸೇರಿದರೆ ಇನ್ನೂ ಭಾರ. ಎರಡೂವರೆ ಟನ್ ಹೊರುವ ಮಾಮೂಲಿ ತಂತಿಯಲ್ಲಿ ಅದು ದಾಟುವುದಿಲ್ಲ. ಆ ತಂತಿಯ ಎರಡರಷ್ಟು ಹೊರುವ ಏರ್ಪಾಟು ಜಗತ್ತಿನಲ್ಲಿ ಇದೆ, ಆದರೆ ಅದಕ್ಕೆ ದಪ್ಪ ಕಂಬ, ದೊಡ್ಡ ಯಂತ್ರ, ಎರಡೂ ಹಡಗಿನ ಡೆಕ್‌ನಲ್ಲಿ ಗಟ್ಟಿ ಬುಡ ಬೇಕು. ವಿಶಾಖಪಟ್ಟಣದಲ್ಲಿ ಏಳುತ್ತಿರುವ ಐದು ಹಡಗುಗಳಲ್ಲಿ ಆ ಬುಡಕ್ಕೆ, ಗಟ್ಟಿ ಸರಕಿನ ಉಗ್ರಾಣಕ್ಕೆ, ಡಬ್ಬಿ ಹೊರಳಿಸುವ ಜಾಗಕ್ಕೆ ಈಗಲೇ ಅಳತೆ ಹಿಡಿದರೆ ಖರ್ಚು ಕಡಿಮೆ. ಕೊನೆಯ ಹಡಗಿನ ಡೆಕ್ ಬೆಸುಗೆ ಆಗುವವರೆಗೆ ಬದಲಾವಣೆಗೆ ಸಮಯ ಇದೆ. ಇನ್ನು ಮುಂದೆ ಕಟ್ಟುವ ಡಿಸ್ಟ್ರಾಯರ್‌ಗಳ ನಕ್ಷೆಯಲ್ಲಿ ಕೊಳವೆಗಳ ಸುತ್ತ ಹಳಿ ಕೂರಿಸುವಷ್ಟು ಜಾಗವನ್ನೂ ಈಗಲೇ ಬಿಡಬೇಕು.